ಕುಳಿತು ತಿಂದ ತಿಂಡಿ

ಪ್ರೀತಿಯ ಗುಂಡನಿಗೆ,

ಫೋನ್ ಮಾಡಿದರೆ ಸಾಕಿತ್ತು. ಆದರೆ ಫೋನಿನಲ್ಲಿ ನಾನು ವಿಷಯಕ್ಕೆ ಬರುವಷ್ಟರಲ್ಲಿ ನೀನು ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುತ್ತೀ. ಕಾಗದವಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಅದಕ್ಕೇ ಕ್ಯಾಂಟೀನಿನ ಪಾತ್ರೆಗಳನ್ನೆಲ್ಲ ಬೋರಲು ಹಾಕಿ, ಮೂಲೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸುಸ್ತಾಗಿದೆ ಕಣೋ. ಕಾಲು ನನ್ನವೇ ಅಲ್ಲ ಅನ್ನಿಸುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನೆ ಡಾಕ್ಟರ್ ನನ್ನ ತೂಕ ನೋಡಿ, ರಕ್ತದ ರಿಪೋರ್ಟ್ ನೋಡಿ, ಇನ್ನು ನೀವು ತಮ್ಮನಿಗೆ ಕಿಡ್ನಿ ಕೊಡಬಹುದು ಎಂದರು. ಓಡೋಡಿ ಬಂದು ನಿನಗೆ ಹೇಳಿದರೆ ನೀನು, "ಬೇಡ ಬಿಡಕ್ಕ. ನೀನು ಈಗ್ಲೇ ಸೋತುಹೋಗಿದ್ದೀಯ. ನಾನು ಡಯಾಲಿಸಿಸಲ್ಲೇ ಇರ್ತೀನಿ" ಎಂದೆ. ಆ ಮಾತು ಇನ್ನೂ ಒಳಗೆ ಕೊರೆಯುತ್ತಿದೆ.

ಗುಂಡ ಅಂತ ನಿನಗೆ ಹೆಸರಿಟ್ಟವಳು ಅಮ್ಮ. ಇವತ್ತು ಅವಳಿದ್ದಿದ್ದರೆ ಆ ಹೆಸರನ್ನು ನಿನ್ನಿಂದ ಕಿತ್ತು ನನಗೆ ಇಡುತ್ತಿದ್ದಳು. ಜನಕ್ಕೆ ಡ್ರೈವಿಂಗ್ ಕಲಿಸುತ್ತ, ಕಾರಿನಲ್ಲಿ ಹೊಟ್ಟೆಗೆ ಬೆಲ್ಟ್ ಸಾಲದೆ ಒದ್ದಾಡುತ್ತಿದ್ದವನು ನೀನು, ಈಗ ಒಣಗಿ ಕಡ್ಡಿಯಾಗಿದ್ದೀ. ನಾನೋ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದೂ ಹಿಡಿದೂ ಡ್ರಮ್ಮಾಗಿದ್ದೆ. ಕಿಡ್ನಿ ಹೊಂದುತ್ತದೆ, ತೂಕ ಹೊಂದುವುದಿಲ್ಲ ಎಂದು ಡಾಕ್ಟರ್ ಮೊದಲ ಸಲ ಹೇಳಿದಾಗ ನನಗೆ ನಾಚಿಕೆಗಿಂತ ಸಿಟ್ಟೇ ಬಂತು. ಬೆಳಿಗ್ಗೆ ತಿಂಡಿಯನ್ನೇ ಮುಟ್ಟದವಳು ಇನ್ನೇನು ಬಿಡಲಿ?

ರಾತ್ರಿಯ ಊಟ ಬಿಟ್ಟೆ. ಮಧ್ಯಾಹ್ನದ್ದನ್ನು ಅರ್ಧ ಮಾಡಿದೆ. ತೂಕದ ಮುಳ್ಳು ಜಪ್ಪಯ್ಯ ಅಂದರೂ ಹಿಂದೆ ಸರಿಯಲಿಲ್ಲ. ಒಂದು ದಿನ ಸೂಪಿನ ಹಂಡೆಯ ಮುಂದೆ ಕಣ್ಣು ಕತ್ತಲೆ ಬಂದು ವಾಲಿಬಿಟ್ಟೆ. ತರಕಾರಿ ಹೆಚ್ಚುವ ಅಜ್ಜಿ ಹಿಂದಿನಿಂದ ಹಿಡಿದುಕೊಳ್ಳದಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ಅದು ಡಾಕ್ಟರಿಗೆ ಗೊತ್ತಾಗಿ, ಒಂದೇ ಮನೆಯಿಂದ ಇಬ್ಬರು ರೋಗಿಗಳು ಬೇಡ, ಹೀಗೆ ಮಾಡಿದರೆ ನಿಮ್ಮಿಂದ ತೆಗೆದುಕೊಳ್ಳುವುದೇ ಇಲ್ಲ ಎಂದು ಗದರಿದರು. ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನ್ನ ಮುಖ ಕೂಡ ನೋಡದೆ ಹೇಳಿದೆ: "ನೀನು ಉಪವಾಸ ಬಿದ್ದು ಕೊಡೋದು ನಂಗೆ ಬೇಡಕ್ಕ."

ಆಮೇಲೆ ನನ್ನನ್ನು ಪಥ್ಯ ಹೇಳುವ ಹುಡುಗಿಯ ಹತ್ತಿರ ಕಳಿಸಿದರು. ಬೆಳಿಗ್ಗೆ ಏನು ತಿನ್ನುತ್ತೀರಿ ಎಂದಳು. ಏನೂ ಇಲ್ಲ ಎಂದೆ, ಸ್ವಲ್ಪ ಜಂಬದಿಂದಲೇ. ಅಡುಗೆ ಮಾಡುವಾಗ ಉಪ್ಪು ನೋಡುವುದಿಲ್ಲವೇ ಎಂದಳು. ಅದು ತಿನ್ನುವುದಲ್ಲಮ್ಮ, ಕೆಲಸ ಎಂದೆ. ಅವಳು ನಗಲಿಲ್ಲ. ಒಂದು ಬೆಳಿಗ್ಗೆ ಮಾತ್ರ, ಬಾಯಿಗೆ ಹೋಗುವುದನ್ನೆಲ್ಲ ಒಂದು ಪಾತ್ರೆಗೆ ಹಾಕಿ, ರುಚಿಯನ್ನು ಬೇರೆಯವರು ನೋಡಲಿ ಎಂದಳು.

ನಮ್ಮ ಪದ್ಧತಿ ನಿನಗೆ ಗೊತ್ತಲ್ಲ, ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕುವುದು. ಅವತ್ತು ಅಂಗೈಗೆ ಬಿದ್ದದ್ದೆಲ್ಲ ಪಾತ್ರೆಗೆ ಹೋಯಿತು. ಸೂಪು, ಬೇಳೆ, ಸಿಹಿ ಗಂಜಿ, ಬ್ರೆಡ್ಡಿನ ಅಂಚು, ಮುರಿದ ಆಮ್ಲೆಟ್ಟಿನ ಚೂರು. ಮಧ್ಯಾಹ್ನದ ಸೈರನ್ ಕೂಗುವ ಹೊತ್ತಿಗೆ ಪಾತ್ರೆ ತುಂಬಿತ್ತು. ಅಜ್ಜಿ ಇಣುಕಿ ನೋಡಿ, ಇಷ್ಟರಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ ಎಂದಳು. ಹೊಟ್ಟೆ ಹಸಿದಿದ್ದರೆ ಅಂಗೈ ತಾನಾಗಿಯೇ ಗುಂಡಿಯಾಗುತ್ತದೆ ಗುಂಡ. ಇಷ್ಟು ವರ್ಷ ನನಗೆ ಅದು ಗೊತ್ತೇ ಆಗಿರಲಿಲ್ಲ.

ಒಲೆ ಹಚ್ಚುವ ಮೊದಲು ಕುಳಿತು ತಿಂಡಿ ತಿನ್ನಿ ಎಂದಳು ಆ ಹುಡುಗಿ. ಬೇಯಿಸಿದ ಮೊಟ್ಟೆ, ಒಂದು ತುಂಡು ಗೋಧಿ ಬ್ರೆಡ್, ಒಂದು ಹಣ್ಣು, ಸಕ್ಕರೆಯಿಲ್ಲದ ಹಾಲು. ತಿಂದು ತೆಳ್ಳಗಾಗುವುದೆಂದರೆ ನನಗೆ ನಗು ಬಂದಿತ್ತು. ಆದರೆ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಕೈ ಹೇಳಿದ ಮಾತು ಕೇಳುತ್ತದೆ, ಉಪ್ಪು ನೋಡಲು ಒಂದು ಹನಿ ಸಾಕಾಗುತ್ತದೆ. ಬಿಟ್ಟಿದ್ದ ರಾತ್ರಿಯ ಊಟವನ್ನೂ ಹಿತಮಿತವಾಗಿ ಶುರು ಮಾಡಿದೆ. ಸಂಜೆ ಒಂದು ಸ್ಟಾಪ್ ಮೊದಲೇ ಬಸ್ಸಿಳಿದು ಮನೆಗೆ ನಡೆದೆ. ತೂಕ ಇಳಿಯಿತು, ಸತಾಯಿಸಿ ಸತಾಯಿಸಿ ಇಳಿಯಿತು. ಕೆಲವು ವಾರ ಅಲುಗಾಡಲೇ ಇಲ್ಲ. ಆಗೆಲ್ಲ ಆ ಮೊಟ್ಟೆಯ ಮುಖ ನೋಡಿದರೆ ಅಳು ಬರುತ್ತಿತ್ತು. ಆದರೂ ಸುಲಿದೆ, ತಿಂದೆ, ಒಲೆ ಹಚ್ಚಿದೆ.

ಮೈ ಹಗುರಾಗಿದೆ, ದಣಿವು ಮಾತ್ರ ಹಗುರಾಗಿಲ್ಲ. ನಿನ್ನ ಕಣ್ಣಿಗೆ ಬಿದ್ದದ್ದು ಸುಳ್ಳಲ್ಲ. ಆದರೆ ಈ ದಣಿವು ನಿನ್ನಿಂದ ಬಂದದ್ದಲ್ಲವೋ. ನಿನಗೆ ಕಾಯಿಲೆ ಬರುವ ಮೊದಲೂ ನಾನು ಹೀಗೇ ಕಾಲೆಳೆಯುತ್ತ ಮನೆಗೆ ಹೋಗುತ್ತಿದ್ದೆ. ಆಗ ಯಾರೂ ನೋಡಲಿಲ್ಲ, ನಾನೂ ನೋಡಿಕೊಳ್ಳಲಿಲ್ಲ. ಊರಿಗೆಲ್ಲ ಬಡಿಸಿ ನಾನು ನಿಂತಲ್ಲೇ ನೆಕ್ಕಿಕೊಂಡು ಬದುಕಿದವಳು. ಕುರ್ಚಿ ಎಳೆದು ಕುಳಿತು, ಮುಂದೆ ತಟ್ಟೆ ಇಟ್ಟುಕೊಂಡು, ನನಗೆ ಅಂತಲೇ ಒಂದು ಹಣ್ಣು ಹೆಚ್ಚಿಕೊಂಡದ್ದು ನಿನ್ನ ದೆಸೆಯಿಂದ. ಕಿಡ್ನಿ ಕೊಟ್ಟ ಮೇಲೂ ಆ ಕುರ್ಚಿ ಬಿಡುವುದಿಲ್ಲ. ಇದನ್ನು ನೀನು ನಂಬಬೇಕು.

ಆಪರೇಷನ್ನಿನ ಭಯ ನನಗೂ ಇದೆ. ನಿನ್ನನ್ನು ಕಳೆದುಕೊಳ್ಳುವ ಭಯ ಅದಕ್ಕಿಂತ ದೊಡ್ಡದು. ನನಗೆ ನನ್ನವನು ಅಂತ ಇರುವವನು ನೀನೊಬ್ಬನೇ.

ಡಾಕ್ಟರ್ ಆಪರೇಷನ್ನಿಗೆ ಸೋಮವಾರ ಎಂದು ಗೊತ್ತು ಮಾಡಿದ್ದಾರೆ. ಅವತ್ತು ಬೆಳಿಗ್ಗೆ ನಾವಿಬ್ಬರೂ ಏನನ್ನೂ ತಿನ್ನುವಂತಿಲ್ಲವಂತೆ. ನಾನು ಖಾಲಿ ಹೊಟ್ಟೆಯಲ್ಲಿ ಬಂದು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿರುತ್ತೇನೆ. ನೀನೂ ಏನೂ ತಿನ್ನದೆ ಬಾ.

ಈಗಿನ ಹಾಗೆ ಲೋಟದಲ್ಲಿ ಅಳೆಯದೆ, ಬಾಯಾರಿದಷ್ಟೂ ನೀರು ಕುಡಿಯುವ ದಿನ ನಿನಗೆ ಬೇಗ ಬರಲಿ.

ನಿನ್ನ ಹಾದಿ ನೋಡುವ,
ಅಕ್ಕ