ಜೇಬಿಲ್ಲದ ಅಂಗಿ

ಹೊಲಿಗೆ ಅಂಗಡಿ
ಮಂಗಳವಾರ, ತಾರೀಖು ನಾಲ್ಕು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಗಡಿಯಾಚೆ ಚಳಿ ಜಾಸ್ತಿ ಅಂತ ನೀನೇ ಬರೆದಿದ್ದೆ. ಅಲ್ಲಿಯವರಿಗೆ ಪುಸ್ತಕ ಓದಿ ನಗಿಸುವಾಗಲಾದರೂ ಕುತ್ತಿಗೆಗೆ ಮಫ್ಲರ್ ಸುತ್ತಿಕೋ. ಐವತ್ತೆರಡಾಯಿತು ನಿನಗೆ, ಇದನ್ನೂ ಅಕ್ಕನೇ ಹೇಳಬೇಕೆಂದರೆ ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನನ್ನ ಮಂಡಿ ಹಾಗೇ ಇದೆ. ಮಿಶನ್ ತುಳಿದರೆ ನೋಯುವುದಿಲ್ಲ, ಎದ್ದರೆ ನೋಯುತ್ತದೆ, ಅದಕ್ಕೇ ಏಳುವುದಿಲ್ಲ.

ನಿನ್ನ ಪುಸ್ತಕ ಓದಿ ಮುಗಿಸಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬೆರಳಿಟ್ಟು ಓದಬೇಕು, ಹದಿನೆಂಟು ದಿನ ಹಿಡಿಯಿತು. ಟೀವಿಯಲ್ಲಾದರೆ ನೀನು ಮುಖ ಕಿವುಚಿದ ಕೂಡಲೇ ಎಲ್ಲಿ ನಗಬೇಕೆಂದು ಗೊತ್ತಾಗುತ್ತದೆ. ಪುಸ್ತಕದಲ್ಲಿ ಎರಡು ಸಾಲು ದಾಟಿದ ಮೇಲೆ ನಗು ಬರುತ್ತದೆ, ಮತ್ತೆ ಹಿಂದಕ್ಕೆ ಹೋಗಬೇಕು. ಮಹಾಪ್ರಭುಗಳ ಕೋಟಿಗೆ ಇಪ್ಪತ್ತೊಂದು ಜೇಬು ಹೊಲಿಸಲು ಬಟ್ಟೆ ಸಾಲದೆ ಊರವರ ಅಂಗಿಯ ಜೇಬುಗಳನ್ನೇ ಬಿಚ್ಚಿಸುವುದು, ಕೊನೆಗೆ "ಕೈ ಇಡಲು ಜಾಗವಿಲ್ಲದವರು ಚಪ್ಪಾಳೆ ತಟ್ಟುತ್ತಿರಲಿ" ಎಂದು ಆಜ್ಞೆ ಹೊರಡಿಸುವುದು! ಅಲ್ಲಿ ಎಷ್ಟು ನಕ್ಕೆನೆಂದರೆ ಸೂಜಿ ಬೆರಳಿಗೆ ಹೊಕ್ಕಿತು. ಆದರೆ ಆ ಜೇಬು ಬಿಚ್ಚುವ ಕಿವುಡಿ ದರ್ಜಿ ನಾನೇ ತಾನೇ? ಕೊರಳಿಗೆ ಟೇಪು ಹಾಕಿಕೊಂಡೇ ಮಲಗುವವಳು ಇನ್ಯಾರು? ನನ್ನ ಕಿವಿ ನೆಟ್ಟಗಿದೆ ಮಾರಾಯ. ಕೇಳಬಾರದ್ದೂ ಕೇಳುತ್ತದೆ.

ನಿನ್ನ ಕಾರ್ಯಕ್ರಮದ ಹೊತ್ತಿಗೆ ಈಗ ಗಾಜಿನ ತೊಟ್ಟಿಯಲ್ಲಿ ಮೀನು ಈಜುವುದನ್ನು ತೋರಿಸುತ್ತಾರೆ. ಒಂದು ಗಂಟೆ ಪೂರ್ತಿ ಮೀನು. ಮಾತಿಲ್ಲ ಕತೆಯಿಲ್ಲ. ಪುಸ್ತಕದಂಗಡಿಯಲ್ಲಿ ಕೇಳಿದರೆ ಅಂಥ ಪುಸ್ತಕ ಬಂದೇ ಇಲ್ಲ ಅನ್ನುತ್ತಾರೆ; ಹೋದ ತಿಂಗಳು ಅದನ್ನು ಕಿಟಕಿಯಲ್ಲಿ ಆಳೆತ್ತರ ಜೋಡಿಸಿಟ್ಟಿದ್ದವರು ಅವರೇ. ಪಕ್ಕದ ಕ್ಷೌರದಂಗಡಿಯವನು, ನಿನ್ನ ಹಾಗೆ ಮೂಗಿನಲ್ಲಿ ಮಾತಾಡಿ ಗಿರಾಕಿಗಳನ್ನು ನಗಿಸುತ್ತಿದ್ದನಲ್ಲ, ನಿನ್ನ ಜೊತೆ ತೆಗೆಸಿಕೊಂಡಿದ್ದ ಫೋಟೋ ಇಳಿಸಿ ಅಲ್ಲಿ ಕನ್ನಡಿ ಹಾಕಿದ್ದಾನೆ. "ಯಾಕೋ?" ಅಂದೆ. "ಗೋಡೆ ಒದ್ದೆ ಆಗಿತ್ತು ಅಕ್ಕಾ" ಅಂದ. "ಒದ್ದೆ ಆಗಿದ್ದು ನಿನ್ನ ಚಡ್ಡಿ" ಎಂದು ಬೈದು ಬಂದೆ. ಆಮೇಲೆ ಪಾಪ ಅನ್ನಿಸಿತು. ಇಬ್ಬರು ಹೆಣ್ಣುಮಕ್ಕಳಿದ್ದಾರೆ ಅವನಿಗೆ.

ಶುಕ್ರವಾರ ಒಬ್ಬ ಅಧಿಕಾರಿ ಬಂದಿದ್ದ. ನಯವಾದ ಮನುಷ್ಯ, ಬೂಟು ಒರೆಸಿಕೊಂಡೇ ಒಳಗೆ ಬಂದ. ಸರ್ಕಾರಿ ಉಗ್ರಾಣಕ್ಕೆ ನಲವತ್ತು ಜೊತೆ ಬಟ್ಟೆ ಬೇಕಂತೆ. ಆಸ್ಪತ್ರೆಯವರಿಗೆ ಹೊಲಿದುಕೊಡುತ್ತೇನಲ್ಲ, ಅಂಥದೇ ಅಂದುಕೊಂಡೆ. ಬೂದು ಬಣ್ಣದ ಒರಟು ಬಟ್ಟೆ. ಅಂಗಿಗೆ ಗುಂಡಿ ಬೇಡ, ಪಾಯಿಜಾಮಕ್ಕೆ ಲಾಡಿ ಬೇಡ, ಜೇಬಂತೂ ಒಂದೂ ಕೂಡದು. "ಇದೆಂಥ ಬಟ್ಟೆರೀ? ಹಾಕ್ಕೊಳ್ಳೋನು ಕರ್ಚೀಫು ಎಲ್ಲಿಡ್ತಾನೆ?" ಎಂದು ಕೇಳಿದೆ. "ಜೈಲಲ್ಲಿ ಇಟ್ಕೊಳ್ಳೋಕೆ ಏನೂ ಇರಲ್ಲಮ್ಮ. ಲಾಡಿ ಕೊಟ್ರೆ ಕುತ್ತಿಗೆಗೆ ಬಿಗ್ಕೊಂಡುಬಿಡ್ತಾರೆ" ಎಂದ, ಹವಾಮಾನದ ಸುದ್ದಿ ಹೇಳುವವನ ಹಾಗೆ. ಕುಡಿಯಲು ನೀರು ಕೇಳಿದ. ಮಂಡಿ ಹಿಡಿದುಕೊಂಡು ಎದ್ದು ಒಳಗಿಂದ ತಂದುಕೊಟ್ಟರೆ ಎರಡೇ ಗುಟುಕು ಕುಡಿದು ಇಟ್ಟ. ನಾನು ಬರುವಷ್ಟರಲ್ಲಿ ಮೇಜಿನ ಮೇಲಿದ್ದ ನಿನ್ನ ಪುಸ್ತಕ ಅವನ ಕೈಯಲ್ಲಿತ್ತು. ತೆರೆಯದೆಯೇ ಆ ಚಪ್ಪಾಳೆಯ ಸಾಲನ್ನು ಬಾಯಿಪಾಠ ಒಪ್ಪಿಸಿದ. "ನಿಮ್ಮ ತಮ್ಮ ಬಹಳ ಚೆನ್ನಾಗಿ ಬರೀತಾರೆ. ನಮ್ಮ ಆಫೀಸಲ್ಲಿ ಎಲ್ಲರೂ ಓದಿದೀವಿ" ಎಂದ. ನಗಲಿಲ್ಲ ತಮ್ಮಾ. ಅಷ್ಟು ನಗುವಿನ ಮಾತನ್ನು ಹಲ್ಲು ಕಾಣಿಸದೆ ಹೇಳುವವನನ್ನು ನಾನು ನೋಡಿದ್ದು ಅದೇ ಮೊದಲು. ಮಡಚಿದ ಅಳತೆ ಚೀಟಿ ಕೈಗಿತ್ತು, "ತಾರೀಖು ಹದಿನಾಲ್ಕಕ್ಕೆ ಬೇಕು" ಎಂದು ಹೇಳಿ ಹೋದ.

ನೀನೂ ಹದಿನಾಲ್ಕಕ್ಕೇ ಬರುತ್ತೇನೆ ಅಂತ ಬರೆದಿದ್ದೀಯ. ಎರಡು ಕೆಲಸ ಒಂದೇ ದಿನ ನನ್ನ ತಲೆಗೆ. ಇಲಾಖೆಯವರು "ನಿಮ್ಮ ಮೇಲೆ ಯಾವ ಕೇಸೂ ಇಲ್ಲ, ಧೈರ್ಯವಾಗಿ ಬನ್ನಿ" ಎಂದು ಮೊಹರು ಒತ್ತಿ ಕಾಗದ ಕಳಿಸಿದ್ದಾರೆ ಅಂದೆಯಲ್ಲ, ಮೊಹರಿದ್ದರೆ ಸರಿ ಇರಬೇಕು, ನನಗೇನು ಗೊತ್ತು. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ, ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹೊಲಿದಿದ್ದೇನೆ. ಬಾ. ಆದರೆ ನಿಲ್ದಾಣದಲ್ಲಿ ಯಾರಾದರೂ ಗುರುತು ಹಿಡಿದರೆ ಜೋಕು ಹೊಡೆಯುತ್ತ ನಿಲ್ಲಬೇಡ, ಬಾಯಿ ಮುಚ್ಚಿಕೊಂಡು ಸೀದಾ ಮನೆಗೆ ಬಾ.

ನಿನ್ನ ನಾಲಿಗೆಗೂ, ಅದನ್ನು ಹೊತ್ತು ತಿರುಗುವ ಮೈಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮತ್ತೆ ಬಿಚ್ಚಿ ಬರೆದದ್ದು: ಲಕೋಟೆ ಅಂಟಿಸಿ, ಬಟ್ಟೆ ಹರಡಿ, ಆ ಚೀಟಿ ತೆರೆದೆ. ಇಂಥ ಬಟ್ಟೆಗೆ ಸಣ್ಣದು, ನಡುವಿನದು, ದೊಡ್ಡದು ಅಂತ ಮೂರೇ ಅಳತೆ. ಮೂವತ್ತೊಂಬತ್ತಕ್ಕೆ ಹಾಗೇ ಇದೆ. ನಲವತ್ತನೆಯದಕ್ಕೆ ಬೇರೆ ಹಾಳೆಗೆ ಗುಂಡುಸೂಜಿ ಚುಚ್ಚಿದ್ದಾನೆ. ನನ್ನ ಅಳತೆ ಪುಸ್ತಕದ ಹಾಳೆ, ನನ್ನದೇ ಅಕ್ಷರ. "ಎದೆ ಮೂವತ್ತೆಂಟು. ಎಡ ಬುಜ ಅರ್ದ ಇಂಚು ಇಳಿಕೆ." ಭುಜದ ಬ ಅಕ್ಷರಕ್ಕೆ ಹೊಟ್ಟೆ ಸೀಳಬೇಕೆಂದು ನೀನು ನಕ್ಕು ತಿದ್ದುವ ಮುಂಚೆ ಬರೆದದ್ದು. ನೀನು ಏಳು ವರ್ಷದವನಿದ್ದಾಗ ಇದೇ ಮೇಜಿನಿಂದ ಬಿದ್ದು ಇಳಿದ ಭುಜ. ನಾನು ನೀರು ತರಲು ಎದ್ದಾಗ ಮೇಜಿನ ಮೇಲಿನ ಅಳತೆ ಪುಸ್ತಕದಿಂದ ಹರಿದುಕೊಂಡಿದ್ದಾನೆ. ಬರಬೇಡ. ಮೊಹರು ಒತ್ತಿ ಕರೆದರೂ ಬರಬೇಡ. ಮುಂದೆ ಅವರು ನನ್ನ ಕೈಯಿಂದಲೇ ಬರೆಸಿದರೂ, ನಾನೇ ಬಾ ಅಂದರೂ ಬರಬೇಡ. ಬಟ್ಟೆಗೆ ಕತ್ತರಿ ಹಾಕಿಲ್ಲ.