ಗುಬ್ಬಿ ಅಡ್ಡ ನಿಂತಳು

ಅಕ್ಕಾ, ಗಾಬರಿಯಾಗಬೇಡ, ನಾವಿಬ್ಬರೂ ಕ್ಷೇಮ.

ಮೇಷ್ಟ್ರು ಭಾಷೆ ಕ್ಲಾಸಿನ ಉಳಿದ ಮಕ್ಕಳನ್ನು ಈ ಪರದೇಶದ ಊರು ತೋರಿಸಲು ಕರೆದೊಯ್ದಿದ್ದಾಗ, ಮಕ್ಕಳ ಕಾವಲಿಗೆಂದು ಜೊತೆಗೆ ಬಂದ ನಾನೇ ನಿನ್ನೆ ಹಾಸ್ಟೆಲ್ ಮೆಟ್ಟಿಲಲ್ಲಿ ಜಾರಿ ಎಡಗೈ ಕುಯ್ದುಕೊಂಡೆ. ಆಸ್ಪತ್ರೆಗೆ ಕರೆದೊಯ್ದವಳು ನಿನ್ನ ಮಗಳು, ನೆಂಟರು ಬಂದರೆ ಬಾಗಿಲ ಹಿಂದೆ ಅವಿತುಕೊಳ್ಳುವ ನಮ್ಮ ಗುಬ್ಬಿ!

ಹೊಲಿಗೆ ಹಾಕಿದ ನರ್ಸ್ ಇಂಜೆಕ್ಷನ್ ತುಂಬಿಸುತ್ತಾ ಔಷಧಿಯ ಹೆಸರು ಹೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಗುಬ್ಬಿ ಮಾತ್ರ ಚಂಗನೆ ಎದ್ದು ನನ್ನ ತೋಳಿಗೆ ಅಡ್ಡ ನಿಂತು, ಅವರ ಭಾಷೆಯಲ್ಲೇ ಜೋರಾಗಿ ಬೇಡವೆಂದಳು. ಆ ಔಷಧಿಯಿಂದ ಹಿಂದೊಮ್ಮೆ ನನಗೆ ಉಸಿರು ಕಟ್ಟಿತ್ತಲ್ಲ, ಅದನ್ನೇ ವಿವರಿಸಿದಳಂತೆ. ನಡುವೆ ಪದ ಸಿಗದೆ ಹೋದಾಗ ಗಂಟಲು ಹಿಡಿದು, ಕೆನ್ನೆ ಉಬ್ಬಿಸಿ ತೋರಿಸಿದಳು. ನರ್ಸ್ ಮುಖ ಬಿಳಿಚಿಕೊಂಡಿತು. ಡಾಕ್ಟರು ಓಡಿಬಂದು ಔಷಧಿ ಬದಲಿಸಿದರು. ನಾನು ಕೈನೋವು ಮರೆತು ಅವಳನ್ನೇ ನೋಡುತ್ತಾ ಕೂತುಬಿಟ್ಟೆ.

ಹೊರಗೆ ಬಂದಮೇಲೆ, "ಇಷ್ಟು ಧೈರ್ಯ ಎಲ್ಲಿತ್ತೇ ನಿಂಗೆ?" ಅಂದೆ.

"ಭಾಷೆ ಕ್ಲಾಸಲ್ಲಿ ದಿನಾ ಎಲ್ಲರ ಮುಂದೆ ತಪ್ಪುತಪ್ಪಾಗಿ ಮಾತಾಡ್ತೀನಿ ಚಿಕ್ಕಮ್ಮ. ತಪ್ಪಾದ್ರೆ ಏನು ಗತಿ ಅನ್ನೋ ಭಯಾನೇ ಹೋಗ್ಬಿಟ್ಟಿದೆ."

ನಾಲ್ಕೇ ಹೊಲಿಗೆ, ನೋವು ಇಳಿದಿದೆ. ಕಾರ್ಡಲ್ಲಿ ಜಾಗ ಮುಗಿಯಿತು. ಮಗಳು ಪುಕ್ಕಲಿ ಅನ್ನುವ ಭಾವನಿಗೆ ಇದನ್ನು ಎರಡು ಸಲ ಓದಿ ಹೇಳು.

ನಿನ್ನ ತಂಗಿ