ರೈಲಿನಿಂದ ಇಳಿದವನು

ಮಾರ್ಕಯನ್‌ಕೋಟ್ಟೈ
6 ಜುಲೈ 2025, ಭಾನುವಾರ

ನನ್ನ ಕಣ್ಣು ಕಾರ್ತಿಕಾಳಿಗೆ,

ನಿನ್ನ ಮಾಮ ದುರೈ ಇಲ್ಲಿ ಕಲ್ಲುಗುಂಡಿನ ಹಾಗಿದ್ದೇನೆ. ನೀನು, ಅಳಿಯ ಮಾದವನ್, ಮೈಸೂರಿನಲ್ಲಿ ನಿನ್ನ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳುವ ಪಾಪದ ಜನ, ಎಲ್ಲರೂ ಸುಖವಾಗಿರಲಿ. ನೀನು ಕೇಳಿದ್ದಕ್ಕೆ ಉತ್ತರ ತಡವಾಯಿತು. ತಪ್ಪು ನನ್ನದಲ್ಲ, ದ್ರಾಕ್ಷಿಯದು. ಕೊಯ್ಲಿನ ದಿನಗಳಲ್ಲಿ ನಾನು ಚಪ್ಪರದ ಕೆಳಗೆ ನಿಲ್ಲದಿದ್ದರೆ ಗೊನೆಗಳು ಬುಟ್ಟಿಗೆ ಇಳಿಯುವುದೇ ಇಲ್ಲ ಎಂಬುದು ಕಂಬಂ ಕಣಿವೆಗೆಲ್ಲ ಗೊತ್ತು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ವಿಷಯಕ್ಕೆ ಬರುವಷ್ಟರಲ್ಲಿ ನೀನು ‘ಡ್ಯೂಟಿ ಇದೆ ಮಾಮಾ’ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಬಾಯಿ ಮುಚ್ಚಿಕೊಂಡು ಓದಬೇಕು. ಇದನ್ನು ಕನ್ನಡ ಅಕ್ಷರದಲ್ಲಿ ಬರೆದದ್ದಕ್ಕೆ ಬೆರಗಾಗಬೇಡ. ನೀನು ಮೈಸೂರಿಗೆ ಹೋಗಿ ಕಲಿತ ಅಕ್ಷರವನ್ನು ನಾನು ದ್ರಾಕ್ಷಿ ಲಾರಿಯಲ್ಲಿ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುತ್ತಿದ್ದಾಗಲೇ ಅಂಗಡಿಗಳ ಬೋರ್ಡು ನೋಡಿ ಕಲಿತೆ. ಊರ ಶಾಲೆಯಲ್ಲಿ ಆರನೇ ಕ್ಲಾಸು, ಅದರ ಮೇಲೆ ಬೋರ್ಡಿನ ಕ್ಲಾಸು. ಇಷ್ಟು ಓದಿದವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ.

ನೀನು ಕೇಳಿದ್ದು ಎರಡು. ನಿಮ್ಮ ನರ್ಸುಗಳ ಗುಂಪಿನಲ್ಲಿ ಎಲ್ಲರೂ ಮೆಚ್ಚಿನ ಸಿನಿಮಾ, ಮೆಚ್ಚಿನ ಸಂಗೀತ ಹೇಳಿಕೊಳ್ಳುತ್ತಿದ್ದೀರಂತೆ, ಮಾಮನದು ಯಾವುದು ಎಂದು ಮೊದಲನೆಯದು. ಎರಡನೆಯದು ಕೋಪದ್ದು. ನೀನು ಟಿಕೆಟ್ ಮಾಡಿಸಿ ಕೊಟ್ಟ ಸಿನಿಮಾಕ್ಕೆ ನಿನ್ನ ಅಮ್ಮನನ್ನು ಕರೆದುಕೊಂಡು ಹೋಗಿ ನಾನು ಮಾಡಿದ್ದೇನು, ‘ಪಡ ಹೇಗಿತ್ತಮ್ಮಾ’ ಎಂದರೆ ಅವಳು ‘ಮಾಮನ್ನೇ ಕೇಳು’ ಎಂದು ಫೋನು ಇಟ್ಟದ್ದೇಕೆ ಎಂದು. ಎರಡಕ್ಕೂ ಉತ್ತರ ಒಂದೇ. ಆದರೂ ಮೊದಲಿನಿಂದ ಬರುತ್ತೇನೆ.

ನಿನ್ನ ಗೆಳತಿಯರಿಗೆ ಹೇಳು. ಎತ್ತಿನ ಗಾಡಿಯ ಗೆಜ್ಜೆಯಿಂದಲೇ ತಾಳ ಶುರುವಾಗಿ ಆಮೇಲೆ ಮೃದಂಗ ಬಂದು ಸೇರುವ ಒಂದು ಹಾಡಿದೆ, ಅದನ್ನು ಕೇಳಿದರೆ ನನ್ನ ಕಾಲು ಈಗಲೂ ನನ್ನ ಮಾತು ಕೇಳುವುದಿಲ್ಲ. ಹಾವು ಬರುವ ಮುಂಚೆ ಬರೀ ಒಂದು ತಂತಿಯನ್ನು ಮೀಟಿ ಹೆದರಿಸುವ ಸಿನಿಮಾ ಇನ್ನೊಂದು. ಚಿನ್ನಮನೂರಿನ ಥಿಯೇಟರಿನಲ್ಲಿ ಅದನ್ನು ನೋಡುವಾಗ ನಾನು ಬೆಂಚಿನ ಮೇಲೆ ಕಾಲೆತ್ತಿ ಕೂತದ್ದು ಭಯದಿಂದಲ್ಲ, ಕೆಳಗೆ ಯಾರೋ ಸೋಡಾ ಚೆಲ್ಲಿದ್ದರು. ಹೀಗೆ ಎಷ್ಟು ಬೇಕಾದರೂ ಹೇಳುತ್ತೇನೆ. ಆದರೆ ಎಲ್ಲಕ್ಕೂ ಮೇಲಿನದು ಆ ರೈಲಿನ ಸಿನಿಮಾ. ಅದನ್ನು ನಾನು ಎಷ್ಟು ಬಲ್ಲೆನೆಂದರೆ, ಮೊನ್ನೆ ದಿಂಡಿಗಲ್ಲಿಗೆ ಹೋಗುವವರೆಗೂ ಒಂದು ಸಲವೂ ಕಣ್ಣಿನಿಂದ ನೋಡುವ ಅಗತ್ಯವೇ ಬಿದ್ದಿರಲಿಲ್ಲ.

ನಗಬೇಡ. ನಿಮಗೆ ಸಿನಿಮಾ ಎಂದರೆ ಪರದೆ. ನಮ್ಮ ಕಾಲಕ್ಕೆ ಸಿನಿಮಾ ಎಂದರೆ ಅಯ್ಯಾವು. ಊರಲ್ಲಿ ಮದುವೆಯಾಗಲಿ, ಕಿವಿ ಚುಚ್ಚುವುದಾಗಲಿ, ಅಯ್ಯಾವು ತನ್ನ ಮೈಕ್ ಸೆಟ್ ತಂದು ಹುಣಸೆಮರಕ್ಕೆ ಹಾರ್ನು ಕಟ್ಟುತ್ತಿದ್ದ. ಬೆಳಿಗ್ಗೆ ದೇವರ ಹಾಡು, ಊಟದ ಹೊತ್ತಿಗೆ ಕುಣಿಯುವ ಹಾಡು, ಬಿಸಿಲು ಇಳಿದ ಮೇಲೆ ಕಥೆ-ಸಂಭಾಷಣೆಯ ಪ್ಲೇಟು. ಒಂದು ಇಡೀ ಸಿನಿಮಾದ ಮಾತು, ಹಾಡು, ಅಳು, ಬೈಗುಳ ಎಲ್ಲವೂ ಆ ಕಪ್ಪು ಪ್ಲೇಟಿನೊಳಗೆ ಇರುತ್ತಿತ್ತು. ಥಿಯೇಟರಿಗೆ ಕಾಸಿಲ್ಲದ ಮುದುಕಿಯರೂ ಖಳನಾಯಕನ ಹೆಸರು ಹಿಡಿದು ಶಾಪ ಹಾಕುತ್ತಿದ್ದರು. ನಾನು, ನಿನ್ನ ಅಮ್ಮ ಸಂಜೆಗೆ ವೀಳ್ಯದೆಲೆ ತೋಟದಲ್ಲಿ ಬಳ್ಳಿ ಕಟ್ಟುವ ಕೆಲಸದಲ್ಲಿರುತ್ತಿದ್ದೆವು. ಹಾರ್ನಿನ ಒಂದು ಬಾಯಿ ನಮ್ಮ ಬೇಲಿಯ ಕಡೆಗೇ ಇರುತ್ತಿತ್ತು. ಅಯ್ಯಾವುಗೆ ಹಸಿರು ವೀಳ್ಯ ಕೊಟ್ಟು ಹಾಗೆ ತಿರುಗಿಸಿದವನು ನಾನೇ.

ತೊಂದರೆ ಒಂದೇ. ಮಾತಿದ್ದಲ್ಲಿ ಕಥೆ ತಿಳಿಯುತ್ತಿತ್ತು. ಮಾತು ನಿಂತು ಬರೀ ಸಂಗೀತ ಬಂದಾಗ ಪರದೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ? ಅಲ್ಲಿ ಅಕ್ಕ, ಅಂದರೆ ನಿನ್ನ ಅಮ್ಮ, ಹೇಳುತ್ತಿದ್ದಳು. ಕೊಳಲು ಎದ್ದರೆ ‘ಈಗ ಅವಳು ಹೊಳೆಗೆ ಹೋಗ್ತಾವಳೆ’. ತಬಲ ಓಡಿದರೆ ‘ಕುದುರೆ ಬತ್ತು’. ತಮಿಳಿನ ಸಿನಿಮಾ ಮಾತು ನಿಲ್ಲಿಸಿದ ಕಡೆಯಲ್ಲೆಲ್ಲ ನಮ್ಮ ಮನೆಮಾತಾದ ಕನ್ನಡದಲ್ಲಿ ನಡೆಯುತ್ತಿತ್ತು. ಅವಳಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಅಕ್ಕನಿಗೆ ಎಲ್ಲ ಗೊತ್ತಿರುತ್ತದೆ.

ರೈಲಿನ ಸಿನಿಮಾ ಅಣ್ಣ-ತಂಗಿಯ ಕಥೆ. ಅಣ್ಣ ಪರವೂರಿಗೆ ದುಡಿಯಲು ಹೋಗುತ್ತಾನೆ, ತಂಗಿ ಸ್ಟೇಷನ್ನಿನಲ್ಲಿ ಕಾಯುತ್ತಾಳೆ. ಕೊನೆಯಲ್ಲಿ ಒಂದು ಮಾತೂ ಇಲ್ಲ. ಚಕ್ರದ ತಾಳ, ಅದರ ಮೇಲೆ ಕೊಳಲು, ಒಂದು ಗಂಟೆ, ಆಮೇಲೆ ಪಿಟೀಲುಗಳೆಲ್ಲ ಒಟ್ಟಿಗೆ. ಅಷ್ಟಕ್ಕೆ ಪ್ಲೇಟು ಮುಗಿಯುತ್ತದೆ. ಮೊದಲ ಸಲ ಕೇಳಿದಾಗ ನಾನು ‘ಇಳಿದ್ನಾ ಅಕ್ಕಾ?’ ಅಂದೆ. ಅವಳು ಬಳ್ಳಿಯ ಗಂಟು ಬಿಗಿಯುತ್ತಲೇ, ಇಳಿದ, ಕೈಯಲ್ಲಿ ಮಲ್ಲಿಗೆ ಪೊಟ್ಟಣ ಹಿಡಿದಿದ್ದಾನೆ, ತಂಗಿ ಓಡಿ ಬಂದಳು ಎಂದಳು. ಆ ಪಿಟೀಲು ಈಗಲೂ ಎಲ್ಲೇ ಕೇಳಲಿ, ನನ್ನ ಮೂಗಿಗೆ ಮಲ್ಲಿಗೆಯ ವಾಸನೆ ಬರುತ್ತದೆ.

ನಾವೂ ದಾರಿ ಕಾಯುವ ಒಬ್ಬ ಅಣ್ಣನಿದ್ದನಲ್ಲ. ಆ ವರ್ಷವೇ ಆಂಡಿ ಅಣ್ಣ ದಿಂಡಿಗಲ್ಲಿನ ಲಾರಿ ಶೆಡ್ಡಿನಲ್ಲಿ ಕ್ಲೀನರಾಗಿ ಸೇರಿ ಬೊಂಬಾಯಿ ಕಡೆಗೆ ಹೋದದ್ದು. ನಿನ್ನ ದೊಡ್ಡ ಮಾಮ ಅಲ್ಲಿ ಸ್ವಂತ ಲಾರಿಗಳನ್ನಿಟ್ಟಿದ್ದಾನೆ, ಒಂದು ದಿನ ಬಂದಿಳಿಯುತ್ತಾನೆ ಎಂದು ನಾನು ಊರಿಗೆಲ್ಲ ಹೇಳುವುದನ್ನು ನೀನು ತೊಟ್ಟಿಲಿನಲ್ಲೇ ಕೇಳಿದವಳು. ನಿನ್ನ ಮದುವೆಯಲ್ಲೂ ತಾಯಿಯ ಅಣ್ಣನಿಗೆ ಸಲ್ಲುವ ಮೊದಲ ತಾಂಬೂಲದ ತಟ್ಟೆಯನ್ನು ಯಾರೂ ಮುಟ್ಟಬಾರದೆಂದು ಹಸೆಯ ಪಕ್ಕ ತೆಗೆದಿಟ್ಟೆನಲ್ಲ, ಅವನಿಗೇ.

ಇರಲಿ, ದಿಂಡಿಗಲ್ಲಿಗೆ ಬರುತ್ತೇನೆ. ಮಧುರೈಯ ಕಣ್ಣಿನ ಡಾಕ್ಟರು ಅಕ್ಕನಿಗೆ ಇನ್ನು ಆಪರೇಷನ್ನಿನಿಂದ ಫಲವಿಲ್ಲ, ಈಗ ಕಾಣುವ ಬೆಳಕು ನೆರಳೂ ಹೆಚ್ಚು ಕಾಲ ಇರುವುದಿಲ್ಲ ಎಂದಮೇಲೆ ನೀನು ಮಾಡಿದ ಏರ್ಪಾಟು ದೊಡ್ಡದು. ಅಕ್ಕ ಸದಾ ಗುನುಗುವ ಆ ಹಳೆಯ ಸಿನಿಮಾದ ರೀಲನ್ನು ತೊಳೆದು ಹೊಸದಾಗಿ ಬಿಟ್ಟಿದ್ದಾರೆಂದು ನೀನೇ ಹುಡುಕಿದೆ. ಪರದೆಯ ಬೆಳಕಾದರೂ ಅವಳ ಮುಖದ ಮೇಲೆ ಬೀಳಲಿ ಎಂದೆ. ಜೊತೆಗೆ ನನ್ನಿಂದ ತಲೆಯ ಮೇಲೆ ಕೈಯಿಡಿಸಿ ಮಾತು ತೆಗೆದುಕೊಂಡೆ. “ಕಾಣೋದನ್ನ ಕಂಡ ಹಾಗೇ ಅಮ್ಮನಿಗೆ ಹೇಳಬೇಕು ಮಾಮಾ, ನಿಮ್ಮ ಮಸಾಲೆ ಬೇಡ.” ನಾನು ಒಪ್ಪಿದೆ. ಒಪ್ಪುವಾಗ ನಿಜವಾಗಿಯೂ ಒಪ್ಪಿದ್ದೆ.

ಮ್ಯಾಟಿನಿಗೆ ಹೋದೆವು. ಅಕ್ಕ ಮದುವೆಗೆ ಹೊರಟವಳ ಹಾಗೆ ರೇಷ್ಮೆ ಉಟ್ಟಿದ್ದಳು. ಮೊದಮೊದಲು ನಾನು ಸತ್ಯಹರಿಶ್ಚಂದ್ರ. ಅವನು ಬಂದ, ಅವಳು ಹೋದಳು, ಅತ್ತೆಯ ಸೀರೆ ನೀಲಿ, ಎಲ್ಲ ಕಂಡಂತೆ ಕಿವಿಯಲ್ಲಿ ಹೇಳಿದೆ. ಅಣ್ಣ ಊರು ಬಿಟ್ಟ. ಮಾತು ನಿಂತಿತು. ಕೊಳಲು ಎದ್ದಿತು. ಅಕ್ಕ ನನ್ನ ತೋಳಿನ ಮೇಲೆ ಕೈಯಿಟ್ಟು ಕೇಳಿದಳು. “ತಂಬಿ, ಏನ್ ಮಾಡ್ತಾವಳೆ ಈಗ?”

ಇದು ಹೊಳೆಯ ಜಾಗ. ಅಣ್ಣ ಮರೆತುಹೋದ ಅಂಗಿಯನ್ನು ತಂಗಿ ಒಗೆದು ವೀಳ್ಯದ ಬೇಲಿಯ ಮೇಲೆ ಹರವಬೇಕು. ಪರದೆಯಲ್ಲಿ ನೋಡಿದರೆ ಹೊಳೆಯೂ ಇಲ್ಲ, ಅಂಗಿಯೂ ಇಲ್ಲ. ಅವಳು ಸುಮ್ಮನೆ ಒರಳಿನ ಮುಂದೆ ಕೂತಿದ್ದಾಳೆ, ಗೋಡೆಯಲ್ಲಿ ಗಡಿಯಾರ ಅಲ್ಲಾಡುತ್ತಿದೆ. ತೊಳೆಯುವಾಗ ಆ ಭಾಗವನ್ನೂ ತೊಳೆದುಬಿಟ್ಟರೋ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ತಿಳಿಯಿತು. ನಮ್ಮ ಊರಿನಲ್ಲಲ್ಲದೆ ಇನ್ನೆಲ್ಲಿ ಅಂಗಿಯನ್ನು ವೀಳ್ಯದ ಬೇಲಿಯ ಮೇಲೆ ಒಣಗಹಾಕುತ್ತಾರೆ? ಆ ಹೊಳೆ ಅಕ್ಕನದು.

ಈಗ ನೀನೇ ಹೇಳು. ನಾಳೆಯೋ ನಾಡಿದ್ದೋ ಪೂರ್ತಿ ಕತ್ತಲಾಗುವವಳಿಗೆ ‘ಅಕ್ಕಾ, ನಿನ್ನ ಹೊಳೆ ಇಲ್ಲಿಲ್ಲ’ ಎನ್ನಲೇ? “ಹೊಳೇಲಿ ಅಂಗಿ ಒಗೀತಾವಳೆ ಅಕ್ಕಾ” ಅಂದೆ. ಅವಳ ಬೆರಳು ಸಡಿಲಾಯಿತು. ಅಲ್ಲಿಂದ ಮುಂದೆ ಸಂಗೀತ ಬಂದಾಗಲೆಲ್ಲ ನಾನು ಅಕ್ಕನ ಸಿನಿಮಾವನ್ನೇ ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ದಿಂಡಿಗಲ್ಲಿನಲ್ಲಿ ನಮ್ಮ ಮಾತು ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ಆ ಧೈರ್ಯ ಇಂಟರ್ವಲ್ಲಿನವರೆಗೂ ಉಳಿಯಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುಂದಕ್ಕೆ ಬಾಗಿ, ನಮ್ಮದೇ ಮಾತಿನಲ್ಲಿ, ಮೆಲ್ಲಗೆ ಕೇಳಿದ. “ಅಯ್ಯಾ, ನೀವು ಹೇಳೋ ಪಡ ಯಾವ ಥಿಯೇಟರಲ್ಲಿ ಓಡ್ತದೆ? ನಾನೂ ಅಲ್ಲಿಗೇ ಹೋಗ್ತೀನಿ.”

ಹೆಸರು ಶಿವಬಾಲನ್, ವೇದಸಂದೂರಿನ ನೂಲಿನ ಮಿಲ್ಲಿನಲ್ಲಿ ಮೇಸ್ತ್ರಿ, ನಮ್ಮ ಜನವೇ. ಸುಳ್ಳು ಹೇಳಲು ಮನೆಮಾತನ್ನು ಆರಿಸಿಕೊಂಡವನ ಹಿಂದೆಯೇ ಮನೆಯವನು ಬಂದು ಕೂರಬೇಕೇ. ಇಂಟರ್ವಲ್ಲಿನಲ್ಲಿ ಅವನನ್ನು ಪಪ್ಸಿನ ಅಂಗಡಿಯ ಮೂಲೆಗೆ ಎಳೆದು ಎಲ್ಲ ಹೇಳಿದೆ. ಅವನು ಪಪ್ಸನ್ನು ಕೈಯಲ್ಲಿ ಹಿಡಿದೇ ನಿಂತ. ಕೊನೆಗೆ, ಕೊನೆಯ ಸೀನ್ ಏನಂತ ಗೊತ್ತಾ ನಿಮಗೆ ಎಂದು ಕೇಳಿದ. ಗೊತ್ತಿಲ್ಲದೇ ಏನು, ಇಳಿಯುತ್ತಾನೆ, ಮಲ್ಲಿಗೆ ತರುತ್ತಾನೆ ಅಂದೆ. ಅವನು ನನ್ನ ಮುಖ ನೋಡಿ ಒಳಗೆ ಹೋದ.

ಕೊನೆಯ ಸಂಗೀತ ಬಂತು. ಆ ಥಿಯೇಟರಿನ ಹೊಸ ಸೌಂಡಿನಲ್ಲಿ ಚಕ್ರದ ತಾಳ ಎದೆಯೊಳಗೇ ಓಡಿತು. ರೈಲು ನಿಂತಿತು. ಬಾಗಿಲಿಂದ ಬಾಗಿಲಿಗೆ ಜನ ಇಳಿದರು. ತಂಗಿ ಹುಡುಕುತ್ತಾಳೆ. ಯಾರೋ ಒಬ್ಬ ಪರವೂರಿನವನು ಅಣ್ಣನ ತಗಡಿನ ಪೆಟ್ಟಿಗೆಯನ್ನು ತಂದು ಅವಳ ಕಾಲ ಬಳಿ ಇಟ್ಟು, ತಲೆ ತಗ್ಗಿಸಿ ನಿಂತ. ಅಷ್ಟೇ. ಪಿಟೀಲುಗಳು ಎದ್ದವು.

ನನ್ನ ಬಾಯಿ ಯಾವತ್ತೂ ಕಟ್ಟಿದ್ದಲ್ಲ, ನಿನಗೆ ಗೊತ್ತು. ಕಟ್ಟಿತು.

“ಇಳಿದ್ನಾ ತಂಬಿ?” ಅಕ್ಕ ಕೇಳಿದಳು. ಮತ್ತೆ ಕೇಳಿದಳು.

ಹಿಂದಿನ ಸಾಲಿನಿಂದ ದನಿ ಬಂತು. “ಇಳಿದ ತಾಯೀ. ಮಲ್ಲಿಗೆ ತಂದವ್ನೆ.”

“ಯಾರದು?” ಎಂದು ಅಕ್ಕ ತಿರುಗಿದಳು. ಹೊಸ ಥಿಯೇಟರಲ್ಲಿ ಶಬ್ದ ಹಿಂದಿನಿಂದಲೂ ಬರುತ್ತದೆ ಅಕ್ಕಾ ಅಂದೆ. ಅವಳು ನಕ್ಕಳು. ಬೆಳಕು ಹಾಕಿದ ಮೇಲೂ ನನ್ನ ಕೈ ಬಿಡಲಿಲ್ಲ.

ಇದು ನಾನು ಮಾಡಿದ್ದು. ನಿನ್ನ ಮಾತು ಮೀರಿದೆ, ಮಸಾಲೆ ಹಾಕಿದೆ. ಆದರೆ ಮಸಾಲೆ ನನ್ನದಲ್ಲ, ನಿನ್ನ ಅಮ್ಮ ಅರೆದದ್ದು, ನಾನು ಬಡಿಸಿದೆ ಅಷ್ಟೆ. ಇನ್ನೊಂದು ಸಲ ಕರೆದುಕೊಂಡು ಹೋಗು ಎಂದರೂ ಹಾಗೇ ಮಾಡುತ್ತೇನೆ. ನಿನ್ನ ಗೆಳತಿಯರಿಗೆ ಹೇಳು, ಕಾರ್ತಿಕಾಳ ಮಾಮನ ಮೆಚ್ಚಿನ ಸಿನಿಮಾ ಅದು, ಸಂಗೀತ ಸಿನಿಮಾದವರದು, ಕಥೆ ಅವನ ಅಕ್ಕ ದೈವಾನೈಯದು ಎಂದು. ಅವರಲ್ಲಿ ಯಾರ ಮಾಮನಿಗಾದರೂ ಇಂಥದ್ದಿದ್ದರೆ ಬರೆದು ಕಳಿಸಲಿ, ನೋಡೋಣ.

ಹೊತ್ತಿಗೆ ಊಟ ಮಾಡು. ಮಾದವನನ್ನು ಬೈಯುವುದಿದ್ದರೆ ಊಟವಾದ ಮೇಲೆ ಬೈಯಿ. ನಮ್ಮ ಕುಲದೇವರು ನಿನ್ನ ಹೊಸ್ತಿಲನ್ನು ತಂಪಾಗಿಡಲಿ.

ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಯ್ಯಾವುವಿನ ಮೈಕು ತೋರಿಸಿದ
ಮಾಮ ದುರೈ

ತಾ.ಕ.: ಕಾಗದ ಮಡಿಸಿಟ್ಟಿದ್ದೆ. ಮತ್ತೆ ಬಿಚ್ಚಿದೆ. ಅಕ್ಕ ‘ಮಾಮನ್ನೇ ಕೇಳು’ ಎಂದದ್ದು ಥಿಯೇಟರಿನಲ್ಲಿ ನಡೆದದ್ದಕ್ಕಲ್ಲ, ವಾಪಸು ಬರುವಾಗ ಬಸ್ಸಿನಲ್ಲಿ ನಡೆದದ್ದಕ್ಕೆ.

ವತ್ತಲಗುಂಡು ದಾಟಿದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. “ದುರೈ, ಆ ಪಡ ನಾನು ಮೊದ್ಲೇ ನೋಡಿದ್ದೆ ಕಣೋ. ಚಿನ್ನಮನೂರಲ್ಲಿ, ಅತ್ತೆ ಜೊತೇಲಿ. ಪೆಟ್ಟಿಗೆ ಬರೋದು ನಂಗೆ ಗೊತ್ತು.” ಮತ್ತೆ ಅವತ್ತು ಮಲ್ಲಿಗೆ ತಂದ ಎಂದು ಯಾಕೆ ಹೇಳಿದೆ ಎಂದು ನಾನು ಕೇಳಿದರೆ, ಅಯ್ಯಾವು ಆ ಪ್ಲೇಟು ಹಾಕಿದ ವಾರವೇ ನಮ್ಮ ಅಪ್ಪ ದಿಂಡಿಗಲ್ಲಿನ ಲಾರಿ ಶೆಡ್ಡಿಗೆ ಹೋಗಿ ಬಂದದ್ದಂತೆ. ಬೊಂಬಾಯಿಯ ದಾರಿಯ ಘಾಟಿನಲ್ಲಿ ಆಂಡಿ ಅಣ್ಣನಿದ್ದ ಲಾರಿ ಉರುಳಿತ್ತು. ಚಿಕ್ಕವನಾದ ನನಗೆ ಹೇಳಬಾರದೆಂದು ನಮ್ಮ ಅಮ್ಮ ಎಲ್ಲರಿಂದಲೂ ಆಣೆ ಹಾಕಿಸಿಕೊಂಡಳು. “ನೀ ಬೇಲಿ ಹತ್ರ ಕೂತು ‘ಇಳಿದ್ನಾ’ ಅಂದೆ. ನಾನು ಇಳಿಸಿಬಿಟ್ಟೆ. ಇವತ್ತು ನೀನು ಪೆಟ್ಟಿಗೆ ಬಂತು ಅಂದಿದ್ರೆ, ನಾನೂ ಹೇಳಿಬಿಡೋಣ ಅಂತಿದ್ದೆ. ನೀ ಅನ್ನಲಿಲ್ಲ.”

ನಾನು ದಡ್ಡನಲ್ಲ ಕಣ್ಣು. ಇಷ್ಟು ವರ್ಷ ಒಂದು ಕಾಗದವೂ ಬರೆಯದ ಅಣ್ಣನಿಗೆ ಏನಾಗಿರಬಹುದೆಂದು ಒಳಗೆಲ್ಲೋ ಗೊತ್ತಿತ್ತು. ಆದರೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅದಕ್ಕೇ ಅವನು ಬದುಕಿದ್ದ, ನಾನು ಅವನಿಗೆ ಲಾರಿಗಳನ್ನು ಕೊಡಿಸುತ್ತಲೇ ಇದ್ದೆ. ಇದರ ನಡುವೆ ಅವನ ಹೆಸರಿನಲ್ಲಿ ಯಾರೂ ಒಂದು ಬೊಗಸೆ ನೀರು ಬಿಟ್ಟಿಲ್ಲ. ನೋವು ಅದು.

ಇದೇ ಇಪ್ಪತ್ತನಾಲ್ಕಕ್ಕೆ ಆಡಿ ಅಮಾವಾಸ್ಯೆ. ಸುರುಳಿ ಜಲಪಾತಕ್ಕೆ ಹೋಗಿ ಆಂಡಿ ಅಣ್ಣನಿಗೆ ಎಳ್ಳು ನೀರು ಬಿಡುತ್ತೇವೆ. ರಜೆ ಹಾಕಿ ಬಾ. ತಾಂಬೂಲದ ತಟ್ಟೆ ನೀನು ಹಿಡಿಯಬೇಕು. ಬಸ್ಸು ಬೇಡ, ತೇನಿಗೆ ಈಗ ರೈಲು ಬರುತ್ತದೆ, ಮಧುರೈಯಲ್ಲಿ ಹತ್ತು. ನಾನು ಅಕ್ಕನನ್ನು ಪ್ಲಾಟ್‌ಫಾರ್ಮಿಗೆ ಕರೆದುಕೊಂಡು ಬಂದು ನಿಂತಿರುತ್ತೇನೆ. ನೀನು ಇಳಿಯುವುದನ್ನು ಅವಳಿಗೆ ಕಂಡ ಹಾಗೇ ಹೇಳುತ್ತೇನೆ, ಒಂದು ಚಿಟಿಕೆ ಮಸಾಲೆಯೂ ಇಲ್ಲದೆ.